ಮಾರ್ಕೆಟ್ಟಿನ ಅಂಗಡಿ ಬಿಡುವ ಮೊದಲು

ಮೈಸೂರು
ಶನಿವಾರ ರಾತ್ರಿ

ಪ್ರೀತಿಯ ಪುಟ್ಟೂ,

ಮೊನ್ನೆ ಫೋನಿನಲ್ಲಿ ದೇವರಾಜ ಮಾರ್ಕೆಟ್ಟಿನ ಮಾತು ಬಂದಾಗ ‘ಕೆಡವಲಿ ಬಿಡಕ್ಕ, ಹೊಸದು ಕಟ್ಟಿದರೆ ನಮ್ಮೋರಿಗೇ ಒಳ್ಳೇದಲ್ವಾ’ ಅಂದೆ. ಅಷ್ಟರಲ್ಲಿ ನಿನ್ನ ಮುಂಬೈ ಲೋಕಲ್ ಟ್ರೈನು ಬಂತು, ನಾನು ಹೇಳಬೇಕಾದದ್ದೆಲ್ಲ ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಪ್ಲಾಟ್‌ಫಾರ್ಮಿನಲ್ಲಿ ನಿಂತುಕೊಂಡು ಓದಬೇಡ ಕಣೋ. ಊಟ ಆದಮೇಲೆ ನಿಧಾನವಾಗಿ ಕೂತು ಓದು.

ಚಿಕ್ಕಪ್ಪನ ಮಗ ಈಚೆಗೆ ಮನೆಗೆ ಬಂದಿದ್ದ. ಅಂಗಡಿ ಖಾಲಿ ಮಾಡಿ ಬೇರೆ ಕಡೆ ಹೋಗಿ ಅಂದರೆ ಏನು ಮಾಡೋಣ ಅಂತ ಕೇಳಿದ. ಅಪ್ಪ ಕೂತಿದ್ದ ಗ್ರಂಧಿಗೆ ಅಂಗಡಿ ಅದು. ಈಗ ದುಡಿಯುವವನು ಅವನೇ ಆದರೂ ನಿನ್ನನ್ನೂ ನನ್ನನ್ನೂ ಕೇಳದೆ ಹೂಂ ಅನ್ನುವವನಲ್ಲ. ನೀನು ‘ಹೂಂ ಅನ್ನು’ ಅಂತ ಅವನಿಗೆ ಹೇಳಿದ್ದೀಯಂತೆ. ನಾನು ‘ತಡೆ’ ಅಂದಿದ್ದೇನೆ. ಯಾಕೆ ಅಂದೆ ಅನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕು.

ನೀನು ಸರಿ ಹೇಳಿದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ‘ಮೇಲಿಂದ ಬಿದ್ದು ಯಾರಾದರೂ ಸತ್ತರೆ ಪಾರಂಪರಿಕ ಕಟ್ಟಡ ಅಂತ ಸಮಾಧಾನ ಹೇಳ್ತೀಯಾ?’ ಅಂದೆಯಲ್ಲ, ಅದು. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಕಟ್ಟಡ ಅದು. ನಾವು ಅರ್ಧ ಬೆಲೆಯ ಹಳೇ ಪಠ್ಯಪುಸ್ತಕಕ್ಕೆ ಓಡುತ್ತಿದ್ದದ್ದು ಆ ಸಾಲಿಗೇ. ಸತ್ತವರು ಬೆಳಿಗ್ಗೆ ನಮ್ಮ ಹಾಗೇ ಮನೆಯಿಂದ ಹೊರಟು ಬಂದವರು. ಆ ಸಾವುಗಳನ್ನು ಬದಿಗಿಟ್ಟು ಕಮಾನಿನ ಸೊಬಗನ್ನು ಮಾತ್ರ ಮಾತಾಡುವವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್ 28ರಂದು, ನಮ್ಮ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗವೂ ಬಿತ್ತು. ದೇವರ ದಯೆ, ಅವತ್ತು ಯಾರ ಪ್ರಾಣವೂ ಹೋಗಲಿಲ್ಲ. ಆದರೆ ನೀನು ಗಮನಿಸಬೇಕಾದ್ದು ಬೇರೊಂದಿದೆ. ಅದು ಬಿದ್ದಾಗ ಅಲ್ಲಿ ನವೀಕರಣದ ಕೆಲಸವೇ ನಡೆಯುತ್ತಿತ್ತು. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಬಿತ್ತು ಅಂತ ಇಂಜಿನಿಯರ್ ಆದ ನೀನು ಹೇಗೆ ತೀರ್ಮಾನ ಮಾಡಿದೆಯೋ ನನಗೆ ತಿಳಿಯಲಿಲ್ಲ.

ನಮ್ಮ ಅಂಗಡಿಯ ಹಿಂದಿನ ಗೋಡೆ ನೋಡಿದರೆ ನಿನಗೆ ಅರ್ಥವಾಗುತ್ತೆ. ಸೊಂಟದ ಮಟ್ಟದವರೆಗೆ ಯಾವಾಗಲೋ ಸಿಮೆಂಟು ಮೆತ್ತಿದ್ದಾರೆ. ಅದರ ಮೇಲೆ ಹಳೆಯ ಸುಣ್ಣದ ಗಾರೆ. ಎರಡೂ ಸೇರುವ ಗೆರೆಯಲ್ಲಿ ಗಾರೆ ಉಬ್ಬಿ, ಒಡೆದು, ಒಳಗಿನ ಇಟ್ಟಿಗೆ ಕಾಣುತ್ತೆ. ಬೆಳಿಗ್ಗೆ ಬಾಗಿಲು ತೆಗೆದರೆ ಅರಿಸಿನದ ಡಬ್ಬದ ಮುಚ್ಚಳದ ಮೇಲೆಲ್ಲ ಉಪ್ಪಿನ ಹಾಗೆ ಬಿಳಿ ಪುಡಿ. ಚಿಕ್ಕಪ್ಪನ ಮಗ ಊದುಬತ್ತಿ ಹಚ್ಚುವ ಮೊದಲು ಮುಚ್ಚಳಗಳನ್ನು ಒಂದೊಂದಾಗಿ ಒರೆಸುತ್ತಾನೆ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತೆ. ಸಿಮೆಂಟು ಆ ದಾರಿ ಮುಚ್ಚುತ್ತೆ. ನೀರು ಬೇರೆ ದಾರಿ ಇಲ್ಲದೆ ಗೋಡೆಯಲ್ಲೇ ಮೇಲೇರಿ, ಗಾರೆಯನ್ನು ಒಳಗಿಂದ ಪುಡಿ ಮಾಡಿಕೊಂಡು ಹೊರಬರುತ್ತೆ. ಸೂರಿನ ಕಡೆ ನೋಡಿದರೆ ಅರಳಿ ಗಿಡ. ಕಾಗೆ ಉದುರಿಸಿದ ಬೀಜ, ಬಿರುಕಿನಲ್ಲಿ ಎರಡು ಎಲೆ ಬಿಟ್ಟಾಗ ಬೆರಳಲ್ಲಿ ಕೀಳಬಹುದಿತ್ತು. ಈಗ ಅದರ ಬೇರು ನಿನ್ನ ಮುಂಗೈ ದಪ್ಪ ಇದೆ, ಇಟ್ಟಿಗೆಯನ್ನೇ ಬಿಡಿಸುತ್ತಿದೆ. ಮಳೆ ನೀರಿನ ದೋಣಿಯಲ್ಲಿ ಕಸ ತುಂಬಿ ನೀರು ಗೋಡೆಗೇ ಇಳಿಯುತ್ತೆ. ಆ ಭಾಗದಲ್ಲಿ ಹಿಂದೆ ಪೂರ್ಣಯ್ಯ ನಾಲೆ ಹಾದುಹೋಗಿತ್ತು ಅಂತ ಅಪ್ಪನ ಕಾಲದವರು ಹೇಳುತ್ತಿದ್ದರಲ್ಲ, ನೆಲದ ತೇವ ಹೊಸದೇನಲ್ಲ. ಕಟ್ಟಿದವರು ಅದನ್ನು ತಿಳಿದೇ ಸುಣ್ಣ, ಇಟ್ಟಿಗೆ, ಮದ್ರಾಸ್ ತಾರಸಿ ಬಳಸಿದರು. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ದೋಣಿ ಬಳಿದು, ಗಿಡ ಕಿತ್ತು, ಸುಣ್ಣ ಹೊಡೆಸಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ. ಕೆಡವುವ ಕೆಲಸ ಜೆಸಿಬಿ ಬಂದ ದಿನ ಶುರುವಾಗುವುದಿಲ್ಲ ಪುಟ್ಟೂ. ದೋಣಿ ಬಳಿಯುವುದನ್ನು ಬಿಟ್ಟ ವರ್ಷವೇ ಅದು ಶುರುವಾಗಿರುತ್ತೆ.

ಇನ್ನು ಜಗಳದ ವಿಚಾರ. ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ತಜ್ಞರು ನೋಡಿ, ಮಾರ್ಕೆಟ್ಟನ್ನು ರಿಪೇರಿ ಮಾಡಿ ಉಳಿಸಬಹುದು ಅಂದರು. ಸರ್ಕಾರದ ಕಡೆಯ ಸಮಿತಿ, ಕಟ್ಟಡ ಶಿಥಿಲವಾಗಿದೆ, ಕೆಡವಿ ಅದೇ ನಮೂನೆಯಲ್ಲಿ ಮತ್ತೆ ಕಟ್ಟಿ ಅಂದಿತು. ಪ್ರೊ. ಎನ್.ಎಸ್. ರಂಗರಾಜು ಅವರಂಥ ಇತಿಹಾಸಕಾರರು ಕೆಡವಬೇಡಿ ಅಂತ ವರ್ಷಗಟ್ಟಲೆ ಹೇಳುತ್ತಲೇ ಬಂದರು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರೂ ವಿರೋಧಿಸಿದರು. ವಿಚಾರ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಕೋರ್ಟು ಕೆಡವಿ ಮರುನಿರ್ಮಾಣ ಮಾಡುವುದಕ್ಕೆ ದಾರಿ ಬಿಟ್ಟುಕೊಟ್ಟಿತು. ಇಷ್ಟರಲ್ಲಿ ಲ್ಯಾನ್ಸ್‌ಡೌನ್ ಬಿದ್ದು ಹನ್ನೊಂದು ವರ್ಷ ಕಳೆದಿತ್ತು. ಅದರಲ್ಲಿ ಬಹುಪಾಲು ಕಾಲ ಎರಡು ಕಟ್ಟಡಗಳೂ ಮಳೆ ಬಿಸಿಲಿಗೆ ಹಾಗೇ ನಿಂತಿದ್ದವು. ಉಳಿಸಿ ಅನ್ನುವವರಿಗೂ ಕೆಡವಿ ಅನ್ನುವವರಿಗೂ ನನ್ನದು ಒಂದೇ ದೂರು. ತೀರ್ಪು ಬರುವ ತನಕ ಬಿರುಕಿಗೆ ಆಸರೆ ಕೊಟ್ಟು, ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದಕ್ಕೆ ಎರಡು ಕಡೆಯವರೂ ಸೇರಿ ಪಟ್ಟು ಹಿಡಿಯಬೇಕಿತ್ತು. ಅದು ಯಾರ ವಾದಕ್ಕೂ ಅಡ್ಡಿ ಬರುತ್ತಿರಲಿಲ್ಲ.

‘ಅದೇ ನಮೂನೆಯಲ್ಲಿ ಕಟ್ಟುತ್ತಾರಲ್ಲ, ಇನ್ನೇನು?’ ಅಂತ ಕೇಳುತ್ತೀಯ. ಎದುರುಮುಖ ಅದೇ ನಮೂನೆ ಇರಬಹುದು. ಮಾರ್ಕೆಟ್ಟು ಅನ್ನುವುದು ಬರೀ ಎದುರುಮುಖ ಅಲ್ಲವಲ್ಲ. 3 ಎಕರೆ ಮೀರಿದ ಜಾಗದಲ್ಲಿ ಸುಮಾರು 800 ಅಂಗಡಿ. ಒಂದು ಬಾಗಿಲು ಚಿಕ್ಕ ಗಡಿಯಾರದ ಕಡೆ, ಇನ್ನೊಂದು ಧನ್ವಂತರಿ ರಸ್ತೆ ಕಡೆ, ಉದ್ದಕ್ಕೂ ಸಯ್ಯಾಜಿರಾವ್ ರಸ್ತೆ. ನಸುಕಿನಲ್ಲಿ ಸುತ್ತಲ ಹಳ್ಳಿಗಳಿಂದ ಮಲ್ಲಿಗೆ, ಸೇವಂತಿಗೆ ಬುಟ್ಟಿ ಇಳಿಯುವಾಗ ಒಂದು ಸಲ ಬಂದು ನಿಂತು ನೋಡು. ವೀಳ್ಯದೆಲೆ ಪಿಂಡಿ, ಬಾಳೆಗೊನೆ, ಕುಂಕುಮದ ಗೋಪುರ, ಇದೆಲ್ಲ ಪ್ರವಾಸಿಗರ ಫೋಟೋಕ್ಕೆ ಸಾಕು. ನಾನು ನೋಡು ಅನ್ನುವುದು ಕಮಾನಿನ ಬುಡದಲ್ಲಿ ಗೋಣಿತಾಟು ಹಾಸಿಕೊಂಡು ಹೂ ಕಟ್ಟುವ ಹೆಂಗಸರನ್ನು. ಅಮ್ಮನಿಗೆ ಶುಕ್ರವಾರದ ಹೂ ಕೊಡುತ್ತಿದ್ದ ಅಜ್ಜಿಯ ಸೊಸೆ ಈಗ ಅದೇ ಜಾಗದಲ್ಲಿ ಕೂರುತ್ತಾಳೆ. ಎಡಗೈ ಬೆರಳಿನ ಸಂದಿಯಲ್ಲಿ ಬಾಳೆನಾರು, ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ಒಂದು ಸುತ್ತು, ಒಂದು ಎಳೆತ. ಮುಖ ನಮ್ಮ ಕಡೆಗೇ ಇರುತ್ತೆ, ಬಾಯಿ ಮಾತಾಡುತ್ತಿರುತ್ತೆ, ಕೈ ನಿಲ್ಲುವುದಿಲ್ಲ. ಮೊಳ ಅಳೆಯುವಾಗ ಮೊಣಕೈ ದಾಟಿ ನಾಲ್ಕು ಬೆರಳು ಹೆಚ್ಚೇ ಬಿಟ್ಟು ಕತ್ತರಿಸುತ್ತಾಳೆ. ಅವಳಿಗೆ ಅಂಗಡಿ ನಂಬರಿಲ್ಲ, ಕರಾರು ಪತ್ರವಿಲ್ಲ. ಹೂವಿನ ಮಂಡಿಯವನು ಬೆಳಿಗ್ಗೆ ಸಾಲಕ್ಕೆ ಮೊಗ್ಗು ತೂಗಿ ಕೊಡುತ್ತಾನೆ, ಸಂಜೆ ಅವಳು ಹಣ ಕೊಟ್ಟು ಎದ್ದು ಹೋಗುತ್ತಾಳೆ. ಇಬ್ಬರೂ ಹತ್ತು ಹೆಜ್ಜೆ ದೂರದಲ್ಲಿ ಇರುವುದರಿಂದ ಆ ನಂಬಿಕೆ ನಡೆಯುತ್ತಿದೆ. ಮಾರ್ಕೆಟ್ಟು ಖಾಲಿ ಮಾಡಿಸುವಾಗ ಎಣಿಸುವುದು ಬಾಡಿಗೆದಾರರನ್ನು. ಇವಳನ್ನು, ಬುಟ್ಟಿ ಹೊರುವವನನ್ನು, ಬಾಳೆಲೆ ಸೀಳಿ ಕಟ್ಟು ಕಟ್ಟುವ ಹುಡುಗನನ್ನು ಎಣಿಸುವ ಪಟ್ಟಿ ಯಾವುದು? ನಕ್ಷೆಯಲ್ಲಿ ಕಮಾನು ಬರೆಯಬಹುದು. ಕಮಾನಿನ ಬುಡ ಯಾರದು ಅಂತ ಬರೆಯುವ ನಕ್ಷೆಯನ್ನು ನಾನು ಕಂಡಿಲ್ಲ.

ನೀನೇ ನನಗೆ ಹೇಳಿದ ಕಥೆ ನೆನಪಿಸುತ್ತೇನೆ. ನಿನ್ನ ಸಹೋದ್ಯೋಗಿಯ ಮನೆಯವರು ಗಿರಗಾಂವಿನ ಚಾಳಿನಲ್ಲಿದ್ದರಲ್ಲ. ಹಳೇ ಕಟ್ಟಡ, ಅಪಾಯ, ಸ್ವಲ್ಪ ದಿನ ಟ್ರಾನ್ಸಿಟ್ ಕ್ಯಾಂಪಿಗೆ ಹೋಗಿ, ಅದೇ ಜಾಗದಲ್ಲಿ ದೊಡ್ಡ ಮನೆ ಸಿಗುತ್ತೆ ಅಂತ ಹೇಳಿ ಎಬ್ಬಿಸಿದರು. ಅವನ ತಾಯಿ ಆ ಕ್ಯಾಂಪಿನಲ್ಲೇ ತೀರಿಕೊಂಡರು ಅಂತ ನೀನು ಎಷ್ಟು ಸಂಕಟದಿಂದ ಹೇಳಿದೆ. ಮುಂಬೈಯಲ್ಲಿ ಟ್ರಾನ್ಸಿಟ್ ಕ್ಯಾಂಪಿಗೆ ಅಂತ ಹೋಗಿ ದಶಕಗಟ್ಟಲೆ ಅಲ್ಲೇ ಉಳಿದವರು ಸಾವಿರಾರು ಜನ ಅನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅಂಥ ಊರಿನಲ್ಲಿ ಕೂತುಕೊಂಡು ನಮ್ಮ ಹುಡುಗನಿಗೆ ‘ಹೂಂ ಅನ್ನು’ ಅಂತ ಹೇಗೆ ಹೇಳಿದೆ? ಮನೆಯಾದರೆ ಹೇಗೋ ಕಾಯಬಹುದು. ಅಂಗಡಿ ಕಾಯುವುದಿಲ್ಲ. ಗ್ರಂಧಿಗೆ ಸಾಮಾನು ಕೊಳ್ಳುವವರು ಮದುವೆ ಪಟ್ಟಿ ಹಿಡಿದು ಬಂದಾಗ ಅಂಗಡಿ ಅಲ್ಲಿರಲಿಲ್ಲ ಅಂದರೆ ಮುಂದಿನ ಬೀದಿಗೆ ಹೋಗುತ್ತಾರೆ. ಎರಡು ದಸರಾ ತಪ್ಪಿದರೆ ಮೂರನೆಯದಕ್ಕೆ ನಮ್ಮ ಗಿರಾಕಿ ಇನ್ನೊಬ್ಬರ ಗಿರಾಕಿ. ಆಯುಧಪೂಜೆಯ ಹಿಂದಿನ ಆ ಕೆಲವು ದಿನಗಳ ವ್ಯಾಪಾರದಲ್ಲೇ ನಿನ್ನ ಕಾಲೇಜು ಫೀಸು ಹುಟ್ಟುತ್ತಿತ್ತು, ನೆನಪಿದೆ ತಾನೆ?

ಹೊಸ ಕಟ್ಟಡಕ್ಕೆ ಪಾರ್ಕಿಂಗ್ ಬರುತ್ತೆ ಅಂದೆ. ಪಾರ್ಕಿಂಗ್ ಬೇಕು, ನಿಜ. ಅರಸು ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಲು ನಾನೂ ಒದ್ದಾಡುತ್ತೇನೆ. ಆದರೆ ಟೌನ್‌ಹಾಲ್ ಆವರಣದಲ್ಲಿ ನೆಲ ಅಗೆದು ಶುರು ಮಾಡಿದ ಬಹುಹಂತದ ಪಾರ್ಕಿಂಗ್ ಎಷ್ಟು ವರ್ಷ ಎಳೆದಾಡಿತು ಅನ್ನುವುದನ್ನು ಊರೇ ನೋಡಿದೆ. ಮಾರ್ಕೆಟ್ಟಿನಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಜಾಗ ಅದು. ಅದನ್ನು ಸರಿಯಾಗಿ ಮುಗಿಸಿ ಬಳಕೆಗೆ ಬಿಟ್ಟರೆ, ಮಾರ್ಕೆಟ್ಟಿನ ಅಡಿಯಲ್ಲಿ ಅಗೆಯುವ ಮಾತೇ ಬೇಕಿಲ್ಲ.

ಟೌನ್‌ಹಾಲ್ ಅಂದಾಗ ಇನ್ನೊಂದು ಹೇಳಬೇಕು, ನನ್ನನ್ನು ಹೆಚ್ಚು ಕಾಡುವುದು ಅದೇ. ದಿವಾನ್ ರಂಗಾಚಾರ್ಲು ಅವರ ನೆನಪಿನ ಭವನ ಅದು, 1884ರದ್ದು. ಅವರೇ 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದವರು. ರಾಜರ ಆಳ್ವಿಕೆಯಲ್ಲೇ ಊರೂರಿನ ಜನ ದಸರಾ ಹೊತ್ತಿಗೆ ಇಲ್ಲಿ ಸೇರಿ, ಕೆರೆ, ರಸ್ತೆ, ಕಂದಾಯ ಅಂತ ತಮ್ಮ ಅಹವಾಲು ಹೇಳುವ ಪದ್ಧತಿ ಬಂತು. ಅಂಥ ಊರಿನ ಪಾಲಿಕೆಯಲ್ಲಿ ಈಗ ನಮ್ಮ ಪರವಾಗಿ ಎದ್ದು ನಿಲ್ಲುವವರು ಯಾರು? 2018ರಲ್ಲಿ ಆರಿಸಿದ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. 65 ವಾರ್ಡುಗಳ ಸದಸ್ಯರು ಮನೆಗೆ ಹೋದರು. ಅಧಿಕಾರ ಆಡಳಿತಾಧಿಕಾರಿ ಕೈಗೆ ಬಂತು, ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತೆ. ನಿಮ್ಮ ಮುಂಬೈ ಪಾಲಿಕೆಯೂ 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಹಾಗೇ ನಡೆಯಿತಲ್ಲ. ಕಾರ್ಪೊರೇಟರುಗಳ ಮೇಲೆ ನಿನಗೆ ಏನೇನೂ ಗೌರವ ಇಲ್ಲ ಅಂತ ಗೊತ್ತು. ಆದರೂ ಕೇಳು. ಚರಂಡಿ ಕಟ್ಟಿದರೆ ಬೆಳಿಗ್ಗೆ ಏಳಕ್ಕೆ ಅವರ ಮನೆ ಬಾಗಿಲು ತಟ್ಟಬಹುದಿತ್ತು. ಅವರು ಕೋಪ ಮಾಡಿಕೊಂಡರೂ ಚುನಾವಣೆಯ ನೆನಪಾಗಿ ಚಪ್ಪಲಿ ಮೆಟ್ಟಿ ಬರುತ್ತಿದ್ದರು. ಹೂ ಕಟ್ಟುವವಳಿಗೂ ಒಂದು ಓಟಿತ್ತು, ನಮಗೂ ಒಂದು ಓಟಿತ್ತು. ವರ್ಗಾವಣೆಯಾಗಿ ಬರುವ ಅಧಿಕಾರಿ ಒಳ್ಳೆಯವರೇ ಇರಬಹುದು, ದಕ್ಷರೇ ಇರಬಹುದು. ಅವರು ಹೊರಟುಹೋದ ಮೇಲೆ ಅವರ ಮಾತಿಗೆ ಹೊಣೆ ಯಾರು? ನೂರು ವರ್ಷ ದಾಟಿದ ಮಾರ್ಕೆಟ್ಟಿನ ಹಣೆಬರಹ ಬರೆಯುವಾಗ ಊರಿನವರು ಆರಿಸಿದ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಡವೇನೋ?

ನಾನು ಹಳೆಯದೆಲ್ಲ ಹಾಗೇ ಇರಲಿ ಅನ್ನುವವಳಲ್ಲ. ಮೈಸೂರಿನ ಈಗಿನ ಅಂದವೇ ಒಂದಷ್ಟು ಕೆಡವಿದ್ದರಿಂದ ಬಂದದ್ದು. ಪ್ಲೇಗಿನ ಕಾಲದ ಇಕ್ಕಟ್ಟು ಕೇರಿಗಳನ್ನು ಅಗಲ ಮಾಡುವುದಕ್ಕೇ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಆಗ ಎದ್ದ ಬಡಾವಣೆಗಳಲ್ಲೇ ನಾವು ಆಡಿ ಬೆಳೆದೆವು. ಗಾಳಿ ಬೆಳಕಿಗಾಗಿ ಕೆಡವಿದರೆ ನಾನು ತಲೆಬಾಗುತ್ತೇನೆ. ನಿಜವಾಗಿ ಉಳಿಯದ ಭಾಗ ಇದ್ದರೆ ಅದನ್ನು ಇಳಿಸಲಿ, ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಸುಣ್ಣದಲ್ಲೇ ಕಟ್ಟಲಿ. ಆ ಕೆಲಸ ಬಲ್ಲ ಗಾರೆಯವರು ಇನ್ನೂ ಇದ್ದಾರೆ. ಆದರೆ ಒಂದು ಪಕ್ಕ ಇಳಿಸುವಾಗ ಇನ್ನೊಂದು ಪಕ್ಕ ವ್ಯಾಪಾರ ನಡೆಯುತ್ತಿರಲಿ. ಇದು ಆಗದ ಮಾತಲ್ಲ. ನೀನು ದಿನಾ ಹಾದುಹೋಗುವ ಕ್ರಾಫರ್ಡ್ ಮಾರ್ಕೆಟ್ಟನ್ನೇ ನೋಡು. 1869ರ ಕಟ್ಟಡ, ನಮ್ಮದಕ್ಕಿಂತ ಹಳೆಯದು. ಅದನ್ನೂ ಬಿಲ್ಡರ್ ಕೈಗೆ ಕೊಡುವ ಯೋಜನೆ ಇತ್ತು. ಜನ ಎದ್ದು ನಿಂತರು, ಕೊನೆಗೆ ಹಳೆಯ ಕಟ್ಟಡ ಉಳಿಸಿಕೊಂಡು ಹಂತಹಂತವಾಗಿ ಕೆಲಸ ಮಾಡಿದರು. ಹೋದ ಸಲ ನಾನು ಬಂದಾಗ ನೀನೇ ಕರೆದುಕೊಂಡು ಹೋಗಿ ಆ ಕಲ್ಲಿನ ಕೆತ್ತನೆ ತೋರಿಸಿ, ಎಷ್ಟು ಚೆನ್ನಾಗಿ ತೊಳೆದು ನಿಲ್ಲಿಸಿದ್ದಾರೆ ನೋಡಕ್ಕ ಅಂದೆ. ಮುಂಬೈಗೆ ಸಲ್ಲುವ ಆಸೆ ಮೈಸೂರಿಗೂ ಸಲ್ಲಲಿ.

ಹಾಗಾದರೆ ಚಿಕ್ಕಪ್ಪನ ಮಗನಿಗೆ ಏನು ಹೇಳೋಣ? ನನಗೆ ಅನ್ನಿಸಿದ್ದು ಇದು. ಅವನು ಹಟಕ್ಕೆ ಬಿದ್ದು ಅಲ್ಲೇ ಕೂತು ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದು ಬೇಡ. ಅಪಾಯದ ಭಾಗ ಅಂತ ಲಿಖಿತವಾಗಿ ಗುರುತಿಸಿದರೆ ಅವತ್ತೇ ಸಾಮಾನು ಎತ್ತಲಿ. ಆದರೆ ಎತ್ತುವ ಮೊದಲು ಕೈಗೆ ಒಂದು ಕಾಗದ ಬರಬೇಕು. ಅದರಲ್ಲಿ ಅಂಗಡಿಯ ನಂಬರು, ಅಳತೆ, ಈಗಿರುವ ದಿಕ್ಕು ಇರಬೇಕು. ಎಷ್ಟು ತಿಂಗಳಲ್ಲಿ ಹಿಂದಕ್ಕೆ ಕೊಡುತ್ತಾರೆ, ತಡವಾದರೆ ಏನು ಕೊಡುತ್ತಾರೆ ಅನ್ನುವುದು ಇರಬೇಕು. ತಾತ್ಕಾಲಿಕ ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು, ಊರಾಚೆ ಅಲ್ಲ. ಹೊಸ ಬಾಡಿಗೆ ಎಷ್ಟು ಅನ್ನುವುದೂ ಈಗಲೇ ತಿಳಿಯಬೇಕು. ಈಗಿನ ಬಾಡಿಗೆ ಕಡಿಮೆ, ಅದು ಏರಲೇಬೇಕು, ಒಪ್ಪುತ್ತೇನೆ. ಬಾಡಿಗೆ ಸರಿಯಾಗಿ ಬಾರದಿದ್ದರೆ ರಿಪೇರಿಗೆ ಹಣ ಎಲ್ಲಿಂದ ಬರುತ್ತೆ, ಅದನ್ನು ವ್ಯಾಪಾರಿಗಳೂ ಕೇಳಿಕೊಳ್ಳಬೇಕು. ಆದರೆ ಶೋರೂಮಿನವರಿಗೆ ಮಾತ್ರ ಎಟುಕುವ ಬಾಡಿಗೆ ಇಟ್ಟರೆ, ಅದೇ ಕಮಾನಿನ ಕೆಳಗೆ ಬಾಳೆಲೆ ಸಿಗುವುದಿಲ್ಲ. ಕಡೆಯದಾಗಿ, ನಮ್ಮ ಅಂಗಡಿಯ ಮುಂದೆ ಕೂರುವವರ ಹೆಸರೂ ಪಟ್ಟಿಗೆ ಸೇರಬೇಕು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಅವರ ಸರ್ವೆ ಮಾಡದೆ ಎಬ್ಬಿಸುವ ಹಾಗಿಲ್ಲ. ಇದನ್ನು ವ್ಯಾಪಾರಿಗಳ ಸಭೆಯಲ್ಲಿ ಎತ್ತು ಅಂತ ಅವನಿಗೆ ಹೇಳಿದೆ. ‘ನಮ್ಮದೇ ನಮಗೆ ಆಗಿದೆ, ಅವರದ್ದು ಯಾಕಕ್ಕ’ ಅಂದ. ‘ಹೂ ತಗೊಳ್ಳೋಕೆ ಬಂದವರೇ ನಿನ್ನ ಹತ್ತಿರ ಕುಂಕುಮ ತಗೊಳ್ಳೋದು’ ಅಂದೆ. ಸುಮ್ಮನಾದ. ಎತ್ತುತ್ತಾನೆ ಅನ್ನಿಸುತ್ತೆ.

ನಿನ್ನಿಂದ ಎರಡು ಕೆಲಸ ಆಗಬೇಕು. ಕ್ರಾಫರ್ಡ್ ಮಾರ್ಕೆಟ್ಟಿನ ಹಣ್ಣಿನವರು, ಡ್ರೈಫ್ರೂಟ್ಸಿನವರು ನಿನಗೆ ಪರಿಚಯ ಇದ್ದಾರಲ್ಲ, ಕೆಲಸ ನಡೆಯುವಾಗ ಅವರನ್ನು ಎಲ್ಲಿ ಕೂರಿಸಿದರು, ಏನು ಬರೆದುಕೊಟ್ಟರು, ಯಾವುದಕ್ಕೆ ಮೋಸಹೋದೆವು ಅನ್ನುತ್ತಾರೆ, ಎಲ್ಲ ಕೇಳಿ ನನಗೆ ಬರೆ. ಅಂಥ ಕಾಗದದ ಒಂದು ನಕಲು ಸಿಕ್ಕಿದರೆ ಇನ್ನೂ ಒಳ್ಳೆಯದು, ಇಲ್ಲಿ ವಕೀಲರಿಗೆ ತೋರಿಸುತ್ತೇನೆ. ಎರಡನೆಯದು, ಮಕ್ಕಳಿಗೆ ರಜೆ ಬಂದಾಗ ಬಾ. ಗೋಡೆಯನ್ನು ನೀನೇ ತಟ್ಟಿ ನೋಡು, ತಾರಸಿ ಹತ್ತಿ ನೋಡು, ಇಂಜಿನಿಯರ್ ಆಗಿ ನಿನ್ನ ಅಭಿಪ್ರಾಯ ಬರೆದುಕೊಡು. ಎಲ್ಲ ನೋಡಿದ ಮೇಲೂ ಕೆಡವಲೇಬೇಕು ಅನ್ನಿಸಿದರೆ ಹಾಗೇ ಬರೆ, ನಾನು ಜಗಳ ಆಡುವುದಿಲ್ಲ. ಅಲ್ಲಿಯವರೆಗೆ ಮಾತ್ರ ಅವನಿಗೆ ‘ಹೂಂ ಅನ್ನು’ ಅನ್ನಬೇಡ.

ಅವನಿಗೆ ಫೋನು ಮಾಡುವುದಿದ್ದರೆ ಹನ್ನೊಂದರ ಮೇಲೆ ಮಾಡು. ಅದಕ್ಕೆ ಮುಂಚೆ ಗಿರಾಕಿಗಳ ಹೊತ್ತು, ಎತ್ತುವುದಿಲ್ಲ. ಭಾವ ನಿನ್ನನ್ನು ಕೇಳಿದರು. ನಾದಿನಿಗೆ ಮಂಡಿನೋವು ಹೇಗಿದೆ ಅಂತ ತಿಳಿಸು. ಚಟ್ನಿಪುಡಿ ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ.

ನಿನ್ನ
ಅಕ್ಕ